ಹೆಗಲೇರಿದ ಗಿಳಿಯನ್ನು ಇಳಿಸಿಕೊಳ್ಳುವ ಬಗೆ

ಮನೆಯಲ್ಲಿ ಗಿಳಿಯನ್ನು ಸಾಕಿದವರೆಲ್ಲರೂ ಬಲ್ಲ ಸಂಗತಿಯೊಂದುಂಟು: ಪಂಜರದ ಬಾಗಿಲು ತೆರೆದು ಕೈಯೊಡ್ಡಿದೊಡನೆ ಹಕ್ಕಿ ಬೆರಳಿಗೆ ಬರುತ್ತದೆ, ಬೆರಳಿನಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ, ಅಲ್ಲಿಂದ ಅಂಗಿಯ ತೋಳನ್ನು ಕೊಕ್ಕಿನಿಂದ ಕಚ್ಚಿ ಹಿಡಿದು ಮೈಯನ್ನು ಮೇಲಕ್ಕೆಳೆದುಕೊಳ್ಳುತ್ತ, ನಾವು ಬೇಡವೆನ್ನುವಷ್ಟರಲ್ಲಿಯೇ ಹೆಗಲನ್ನು ಸೇರಿ, ಗರಿ ಕೊಡವಿಕೊಂಡು ನೆಮ್ಮದಿಯಾಗಿ ಕುಳಿತುಬಿಡುತ್ತದೆ. ಅದರ ಮೈಯ ಬಿಸುಪು ಕೆನ್ನೆಗೆ ತಾಗುವಾಗ, ಕೂದಲಿನ ಎಳೆಯೊಂದನ್ನು ಕೊಕ್ಕಿನಲ್ಲಿ ಹಿಡಿದು ತನ್ನ ಗರಿಯನ್ನೇ ತಿದ್ದುವಷ್ಟು ಜೋಪಾನದಿಂದ ಅದು ತಿದ್ದುವಾಗ, ಆ ಸುಖವನ್ನು ಒಲ್ಲೆನೆನ್ನುವ ಮನಸ್ಸು ಯಾರಿಗೂ ಬಾರದು. ತೊಡಕು ಹುಟ್ಟುವುದು ಅದನ್ನು ಕೆಳಗಿಳಿಸಬೇಕಾದ ಹೊತ್ತಿನಲ್ಲಿ. ಕೈಯೆತ್ತಿದರೆ ಹಕ್ಕಿ ಹೆಡತಲೆಯ ಹಿಂದಿನಿಂದ ಇನ್ನೊಂದು ಹೆಗಲಿಗೆ ದಾಟುತ್ತದೆ. ಆ ಕಡೆಗೂ ಕೈ ಬಂದರೆ ಬೆನ್ನಿನ ನಡುವೆ, ಯಾವ ಕೈಗೂ ಎಟುಕದ ಜಾಗಕ್ಕೆ ಜಾರಿ ಅಂಗಿಯನ್ನು ಹಿಡಿದು ನೇತಾಡುತ್ತದೆ. ಒತ್ತಾಯ ಮಿತಿಮೀರಿದರೆ ಕಿವಿಯ ಹಾಲೆಗೆ ಕೊಕ್ಕು ಹಾಕುತ್ತದೆ. ಗಿಳಿ ಹೆಗಲ ಮೇಲೆ ಕೂರಬಹುದೆ, ಕೂರಬಾರದೆ ಎಂಬ ಪ್ರಶ್ನೆಗಿಂತ, ಕರೆದಾಗ ಅದು ತಾನಾಗಿ ಇಳಿದು ಬರುವುದೆ ಎಂಬ ಪ್ರಶ್ನೆ ದೊಡ್ಡದೆಂಬುದು ನನ್ನ ದೃಢವಾದ ಅಭಿಪ್ರಾಯ. ಇಲ್ಲಿ ಹೇಳಹೊರಟಿರುವುದೆಲ್ಲವೂ ಆ ಒಂದು ಪ್ರಶ್ನೆಯನ್ನೇ ಆಶ್ರಯಿಸಿದೆ.

ಯಾವ ಗಿಳಿಯ ಮಾತು ಇದು ಎಂಬುದನ್ನು ಮೊದಲೇ ಸ್ಪಷ್ಟಪಡಿಸುವುದು ಅವಶ್ಯಕ. ಬಾಣಭಟ್ಟನ ಕಾದಂಬರಿಯಲ್ಲಿ, ಅದನ್ನು ಕನ್ನಡಕ್ಕೆ ತಂದ ನಾಗವರ್ಮನ ಕರ್ಣಾಟಕ ಕಾದಂಬರಿಯಲ್ಲಿ, ವೈಶಂಪಾಯನನೆಂಬ ಗಿಳಿ ಶೂದ್ರಕ ರಾಜನೆದುರು ತನ್ನ ವೃತ್ತಾಂತವನ್ನು ಆರಂಭಿಸುವುದು ಬೂರುಗದ ಮರದ ಪೊಟರೆಯಿಂದ. ಮುದಿ ಬೇಡನೊಬ್ಬನು ಮರವೇರಿ ಪೊಟರೆಪೊಟರೆಗೂ ಕೈಯಿಕ್ಕಿ ಹಕ್ಕಿಗಳನ್ನು ಕೊಲ್ಲುವಾಗ ತಂದೆಗಿಳಿ ಮರಿಯನ್ನು ರೆಕ್ಕೆಯಡಿಯಲ್ಲಿ ಮುಚ್ಚಿಕೊಂಡು ತಾನು ಪ್ರಾಣ ಬಿಡುತ್ತದೆ. ಪೊಟರೆಗೆ ಕೈಯಿಕ್ಕುವ ಆ ಕ್ರೌರ್ಯ ಇಂದಿಗೂ ನಿಂತಿಲ್ಲ. ನಮ್ಮ ತೋಟಗಳಲ್ಲಿ ಹಾರಾಡುವ, ಕತ್ತಿನಲ್ಲಿ ಕೆಂಬಣ್ಣದ ಪಟ್ಟಿಯುಳ್ಳ ಹಸುರು ಗಿಳಿಯೂ, ಅದರ ಬಂಧುಗಳಾದ ಇತರ ದೇಶೀಯ ಗಿಳಿಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಅವನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಆದುದರಿಂದ ಈ ಲೇಖನ ಸಾಕಣೆಯಲ್ಲಿಯೇ ಹುಟ್ಟಿದ ಪರದೇಶದ ಗಿಳಿಗಳಿಗೆ, ಅಂದರೆ ಕಾಕಟೀಲ್, ಸನ್ ಕನ್ಯೂರ್, ಆಫ್ರಿಕನ್ ಗ್ರೇ, ಮಕಾವ್ ಮೊದಲಾದವುಗಳಿಗೆ ಮಾತ್ರ ಸಲ್ಲತಕ್ಕದ್ದು. ಇವುಗಳಲ್ಲಿಯೂ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದ ಆಫ್ರಿಕನ್ ಗ್ರೇಯಂಥ ಹಕ್ಕಿಗಳನ್ನು 2024ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮಗಳಂತೆ ಪರಿವೇಷ್ ಜಾಲತಾಣದ ಮೂಲಕ ನೋಂದಾಯಿಸಬೇಕು. ಹಕ್ಕಿಯನ್ನು ಕೊಳ್ಳುವ ಮೊದಲೇ ಮಾರುವವನಿಂದ ಅದರ ಕಾಗದಪತ್ರಗಳನ್ನು ಕೇಳಿ ಪಡೆಯಿರಿ.

ಇನ್ನು ಗಿಳಿ ಹೆಗಲನ್ನೇ ಏಕೆ ಬಯಸುತ್ತದೆ? ಅದು ಮರದ ಹಕ್ಕಿ. ಎತ್ತರವೆಂದರೆ ಅದಕ್ಕೆ ಅಭಯ, ನೆಲವೆಂದರೆ ಭಯ. ಅದರ ಪಾದದಲ್ಲಿ ಎರಡು ಬೆರಳು ಮುಂದಕ್ಕೂ ಎರಡು ಹಿಂದಕ್ಕೂ ಇರುವುದರಿಂದ ಹಿಡಿತ ಬಲವಾದದ್ದು. ಮೇಲುಕೊಕ್ಕು ಕೂಡ ಕೀಲಿನ ಮೇಲೆ ಆಡುವಂಥದಾದುದರಿಂದ ಅದು ಏರುವಾಗ ಮೂರನೆಯ ಕಾಲಾಗಿ ಒದಗುತ್ತದೆ. ಇಂಥ ದೇಹಕ್ಕೆ ಮನುಷ್ಯನ ತೋಳು ಸಹಜವಾದ ಕೊಂಬೆ, ಹೆಗಲು ಆ ಕೊಂಬೆಯ ನೆತ್ತಿ. ಜತೆಗೆ ಅದು ಹಿಂಡಿನಲ್ಲಿ ಬಾಳುವ ಜೀವ. ಮನೆಯವರೇ ಅದರ ಹಿಂಡಾದ ಮೇಲೆ, ಹಿಂಡಿನವರ ಮಗ್ಗುಲಿನಲ್ಲಿ ಕೂರುವ ಹಂಬಲವನ್ನು ಅತಿಯೆನ್ನಲಾಗದು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಪಾಶ್ಚಾತ್ಯ ದೇಶಗಳ ಗಿಳಿಸಾಕಣೆಗಾರರಲ್ಲಿ ಬೇರೊಂದು ನಂಬಿಕೆ ಬಲವಾಗಿತ್ತು: ಹಕ್ಕಿ ಒಡೆಯನ ತಲೆಯ ಮಟ್ಟಕ್ಕೇರಿದರೆ ತಾನೇ ಒಡೆಯನೆಂದು ಭಾವಿಸುತ್ತದೆ, ಆದುದರಿಂದ ಅದನ್ನು ಎದೆಯ ಮಟ್ಟಕ್ಕಿಂತ ಮೇಲೆ ಬಿಡಕೂಡದೆಂದು. ಪ್ರಾಣಿಗಳ ನಡವಳಿಕೆಯನ್ನು ಅಭ್ಯಸಿಸಿದವರು ಆ ನಂಬಿಕೆಯನ್ನು ಈಗ ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ಹಾಗೆ ಕೈಬಿಟ್ಟದ್ದು ಹಕ್ಕಿಗಳ ಪಾಲಿಗೆ ದೊಡ್ಡ ಉಪಕಾರವೆಂದೇ ನಾನೆಣಿಸುತ್ತೇನೆ. ಏಕೆಂದರೆ, ಹಕ್ಕಿ ದೊರೆತನ ನಡೆಸಹೊರಟಿದೆಯೆಂದು ಬಗೆದವನು ಅದನ್ನು ಮಣಿಸಲು ನೋಡುತ್ತಾನೆ. ಇಳಿದರೆ ತನಗೇನು ಲಾಭವೆಂದು ಅದು ಲೆಕ್ಕಹಾಕುತ್ತಿದೆಯೆಂದು ತಿಳಿದವನು ಅದಕ್ಕೆ ಕಲಿಸಲು ನೋಡುತ್ತಾನೆ. ಅಮೆರಿಕದ ಐರೀನ್ ಪೆಪ್ಪರ್‌ಬರ್ಗ್ ಎಂಬ ವಿದುಷಿ 1977ರಲ್ಲಿ ಕೊಂಡು ತಂದ ಅಲೆಕ್ಸ್ ಎಂಬ ಆಫ್ರಿಕನ್ ಗ್ರೇ, 2007ರಲ್ಲಿ ಸಾಯುವವರೆಗೆ, ಬಣ್ಣ ಆಕಾರ ಸಂಖ್ಯೆಗಳ ಹೆಸರುಗಳನ್ನು ಅರಿತು ಬಳಸಬಲ್ಲೆನೆಂಬುದನ್ನು ತೋರಿಸಿಕೊಟ್ಟಿತು. ಅಷ್ಟು ಬುದ್ಧಿಯುಳ್ಳ ಕುಲದ ಹಕ್ಕಿ ಇಳಿಯುವುದನ್ನು ಕಲಿಯಲಾರದೆಂದರೆ ಕೊರತೆ ಕಲಿಸುವ ಕ್ರಮದಲ್ಲಿರಬೇಕು.

ಆದರೂ ಹೆಗಲಿನ ಅಪಾಯ ನಿಜವಾದದ್ದೆ. ಕೈಯ ಮೇಲಿರುವ ಹಕ್ಕಿಯ ಮುಖ ನಮಗೆ ಕಾಣುತ್ತದೆ. ಹೆಗಲ ಮೇಲಿರುವುದರ ಮುಖ ಕಾಣದು. ಗಿಳಿ ಕಚ್ಚುವ ಮೊದಲು ಹೇಳದೆ ಕಚ್ಚುವುದು ಅಪೂರ್ವ, ಆದರೆ ಅದು ಹೇಳುವುದೆಲ್ಲ ಮೈಯ ಭಾಷೆಯಲ್ಲಿ. ಬಾಗಿಲ ಗಂಟೆ ಬಾರಿಸಿ ಅಪರಿಚಿತರೊಬ್ಬರು ಒಳಗೆ ಬಂದರೆನ್ನಿ: ಹೆಗಲ ಮೇಲಿದ್ದ ಗ್ರೇ ಗಿಳಿಯ ಮೈ ಮೊದಲು ಸೆಟೆದು ಸಣ್ಣಗಾಗುತ್ತದೆ, ಆಮೇಲೆ ಹೆಡತಲೆಯ ಗರಿಗಳು ಒಂದೊಂದಾಗಿ ನಿಲ್ಲುತ್ತವೆ, ಬಾಲ ಬೀಸಣಿಗೆಯಾಗಿ ಬಿಚ್ಚಿಕೊಳ್ಳುತ್ತದೆ, ಹಳದಿ ಕಣ್ಣಿನ ನಡುವಣ ಕರಿಯ ಪಾಪೆ ಸಾಸಿವೆಯಷ್ಟಾಗಿ ಕುಗ್ಗಿ ಮರುಕ್ಷಣವೇ ಅರಳಿ ಮತ್ತೆ ಕುಗ್ಗುತ್ತದೆ. ಕಾಕಟೀಲಿನಲ್ಲಾದರೆ ಕಣ್ಣು ಕಪ್ಪಾದುದರಿಂದ ಪಾಪೆಯ ಆಟ ಕಾಣುವುದಿಲ್ಲ. ಜುಟ್ಟು ತಲೆಗಂಟಿಕೊಂಡು ಬಾಯಿಂದ ಬುಸ್ಸೆಂಬ ಸದ್ದು ಬರುವುದೇ ಅದರ ಎಚ್ಚರಿಕೆ. ಎದುರಿಗಿರುವವರಿಗೆ ಇವೆಲ್ಲ ಕಾಣುತ್ತವೆ, ಹೊತ್ತವರಿಗೆ ಮಾತ್ರ ಕಾಣವು. ಬಂದವರನ್ನು ಓಡಿಸಲಾರದ ಸಿಟ್ಟು ಆಗ ಹತ್ತಿರದ ಕೆನ್ನೆಯ ಮೇಲೆ, ತುಟಿಯ ಮೇಲೆ, ಎಲ್ಲಕ್ಕಿಂತ ಘೋರವಾಗಿ ಕಣ್ಣಿನ ಮೇಲೆ ತಿರುಗುತ್ತದೆ. ಅದರಲ್ಲಿ ಹಗೆತನವೇನೂ ಇಲ್ಲ. ಕಾಕಟೀಲಿನ ಕಡಿತ ನೋವಾಗಿ ನಿಂತರೆ, ಮಕಾವಿನ ಕಡಿತಕ್ಕೆ ಹೊಲಿಗೆ ಬೀಳಬಹುದು. ಅತಿಥಿಗಳು ಬರುವರೆಂದು ತಿಳಿದೊಡನೆ ಹಕ್ಕಿಯನ್ನು ಅದರ ಅಡ್ಡಗೋಲಿಗೆ ದಾಟಿಸಿ ಆಮೇಲೆ ಬಾಗಿಲು ತೆರೆಯುವುದು ಲೇಸು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅವರ ಹೆಗಲಿಗೆ ಗಿಳಿಯನ್ನು ಎಂದಿಗೂ ಏರಿಸಕೂಡದು.

ಆಭರಣಗಳ ಮಾತನ್ನೂ ಇಲ್ಲಿಯೇ ಸೇರಿಸುತ್ತೇನೆ. ನಮ್ಮ ಹೆಂಗಸರ ಕತ್ತಿನ ಕರಿಮಣಿ, ಕಿವಿಯ ಓಲೆ, ಜುಮುಕಿ, ಸೆರಗಿಗೆ ಚುಚ್ಚಿದ ಪಿನ್ನು, ಕನ್ನಡಕದ ತಿರುಪು, ಇವೆಲ್ಲವೂ ಗಿಳಿಯ ಕಣ್ಣಿಗೆ ಬಿಚ್ಚಿ ನೋಡಬೇಕಾದ ಕಾಯಿಗಳೇ. ಚಿನ್ನ ಹೋದರೆ ಹೋದೀತು. ಅಗ್ಗದ ಒಡವೆಗಳಲ್ಲಿ ಬೆರೆತಿರಬಹುದಾದ ಸೀಸವೂ ಸತುವೂ ಹಕ್ಕಿಯ ಹೊಟ್ಟೆ ಸೇರಿದರೆ ವಿಷವಾಗುತ್ತವೆ. ಹಕ್ಕಿಯನ್ನು ಹೊರಗೆ ಬಿಡುವ ವೇಳೆ ಇವನ್ನು ತೆಗೆದಿಡಬೇಕು, ತೆಗೆಯಲೊಲ್ಲದವನ್ನು ಬಟ್ಟೆಯೊಳಗೆ ಸೇರಿಸಬೇಕು. ಕಿತ್ತುಕೊಳ್ಳುವ ಚಪಲವನ್ನು ತಣಿಸಲು ಮೆತ್ತನೆಯ ಮರದ ತುಂಡು, ಎಳನೀರ ಬುರುಡೆಯ ನಾರು, ತೆಂಗಿನ ಗರಿಯ ಹೆಣಿಗೆ ಇಂಥವನ್ನು ಅಡ್ಡಗೋಲಿನಲ್ಲಿ ಕಟ್ಟಿಡಿ.

ಇನ್ನು ಕಲಿಸುವ ಕ್ರಮ. ಮೊದಲ ಪಾಠ ನಮ್ಮ ತೋಳಿಗೆ. ಗಿಳಿ ಇಳಿಜಾರಿಗಿಂತ ಏರನ್ನೇ ಆಯ್ದುಕೊಳ್ಳುತ್ತದೆಂಬುದನ್ನು ನೆನಪಿಡಿ. ಹಕ್ಕಿ ಬೆರಳ ಮೇಲೆ ಕುಳಿತಿರುವಾಗ ಮೊಣಕೈಯನ್ನು ಪಕ್ಕೆಗೆ ಒತ್ತಿ, ಮುಂಗೈಯನ್ನು ಮೇಲ್ಮುಖವಾಗಿ ಹಿಡಿದರೆ, ಬೆರಳೇ ಎಲ್ಲಕ್ಕಿಂತ ಎತ್ತರದ ಸ್ಥಾನವಾಗಿ, ಮೊಣಕೈಯ ಕಡೆಗೆ ಹೋಗುವುದೆಂದರೆ ಇಳಿದು ಹೋಗುವುದಾಗುತ್ತದೆ. ಹಕ್ಕಿ ಇದ್ದಲ್ಲೇ ಇರುತ್ತದೆ. ನಮ್ಮಲ್ಲಿ ಅನೇಕರು ಹಕ್ಕಿಯನ್ನು ಹೊತ್ತು ನಡೆಯುವಾಗ ಕೈಯನ್ನು ಸೊಂಟದ ಬಳಿ ಇಳಿಬಿಟ್ಟು ಮೊಣಕೈಯನ್ನು ಹೊರಚಾಚಿರುತ್ತಾರೆ. ಅದು ಹೆಗಲಿಗೆ ಮೆಟ್ಟಿಲು ಕಟ್ಟಿಕೊಟ್ಟ ಹಾಗೆಯೇ. ಹಾಗೂ ಅದು ಏರಹೊರಟರೆ ಇನ್ನೊಂದು ಕೈಯನ್ನು ಅದರ ದಾರಿಗೆ ಅಡ್ಡಲಾಗಿ, ಸಾವಕಾಶವಾಗಿ, ಗೋಡೆಯಂತೆ ನಿಲ್ಲಿಸಿ, ಅದು ನಿಂತೊಡನೆ ಹೊಗಳಿ. ತಳ್ಳುವುದು ಬೇಡ.

ಎರಡನೆಯ ಪಾಠ ‘ಬಾ’ ಎಂಬ ಮಾತು. ಯಾವ ಮಾತಾದರೂ ಆಗಬಹುದು, ಆದರೆ ಮನೆಯವರೆಲ್ಲರೂ ಒಂದೇ ಮಾತನ್ನು ಆಡಬೇಕು; ಅಜ್ಜಿ ‘ಇಳಿಯೋ ಮರೀ’ ಎಂದು, ಮಗ ‘ಕಮ್ ಕಮ್’ ಎಂದು, ತಾಯಿ ಬರಿಯ ಚಿಟಿಕೆಯಿಂದ ಕರೆದರೆ ಹಕ್ಕಿಗೆ ಯಾವುದೂ ನಾಟುವುದಿಲ್ಲ. ಕೈಯನ್ನಾಗಲಿ, ಒಂದು ಗೇಣು ಉದ್ದದ ಕೋಲನ್ನಾಗಲಿ ಹಕ್ಕಿಯ ಕಾಲಿಗಿಂತ ಸ್ವಲ್ಪ ಮೇಲೆ, ಹೊಟ್ಟೆಯ ಕೆಳಭಾಗದ ಮುಂದೆ ಹಿಡಿದು ‘ಬಾ’ ಎನ್ನಿ. ಅದು ಕಾಲಿಡುವ ಮೊದಲು ಕೊಕ್ಕನ್ನು ಚಾಚಿ ಬೆರಳನ್ನು ಮುಟ್ಟಿ ಹಿಡಿಯುತ್ತದೆ. ಕೊಂಬೆ ಭಾರ ತಡೆದೀತೆ ಎಂದು ಪರೀಕ್ಷಿಸುವ ಕ್ರಮವದು, ಕಡಿತವೆಂದು ಬೆದರಬೇಡಿ. ಆ ಕ್ಷಣದಲ್ಲಿ ಬೆದರಿ ಕೈಯನ್ನು ಹಿಂದೆಗೆದವರ ಬೆರಳು ನಂಬತಕ್ಕದ್ದಲ್ಲವೆಂದು ಹಕ್ಕಿ ಬಲುಬೇಗ ಕಲಿತುಬಿಡುತ್ತದೆ. ಮುಂದಿನ ಬಾರಿ ಗಟ್ಟಿಯಾಗಿ ಹಿಡಿಯುತ್ತದೆ. ಕೈಯನ್ನು ಅಲುಗಿಸದೆ ನಿಲ್ಲಿಸಿ. ಎರಡು ಕಾಲೂ ಬಂದೊಡನೆ ಸಂಬಳ ಸಲ್ಲಬೇಕು: ಒಂದು ಸೂರ್ಯಕಾಂತಿ ಬೀಜ, ದಾಳಿಂಬೆಯ ಒಂದು ಕಾಳು, ಅಥವಾ ಆ ಹಕ್ಕಿ ಎಲ್ಲಕ್ಕಿಂತ ಮೆಚ್ಚುವ ಇನ್ನೇನಾದರೂ. ಆ ಮೆಚ್ಚಿನ ತಿಂಡಿಯನ್ನು ಊಟದ ತಟ್ಟೆಯಲ್ಲಿ ಇಡದೆ ಈ ಕೆಲಸಕ್ಕೇ ಕಾದಿರಿಸಿದರೆ ಅದರ ಬೆಲೆ ಉಳಿಯುತ್ತದೆ. ಕೊಬ್ಬು ಹೆಚ್ಚಾದ ಸೂರ್ಯಕಾಂತಿಯನ್ನು ಬಟ್ಟಲು ತುಂಬ ಹಾಕುವ ರೂಢಿಯೂ ಇದರಿಂದ ತಪ್ಪುತ್ತದೆ. ಊಟಕ್ಕೆ ಮುಂಚೆ ಐದೈದು ನಿಮಿಷ, ದಿನಕ್ಕೆ ಎರಡು ಸಲ, ಅದೂ ಹಕ್ಕಿ ಉತ್ಸಾಹದಲ್ಲಿರುವಾಗ ನಿಲ್ಲಿಸಿಬಿಡುವ ಹಾಗೆ ಪಾಠ ನಡೆದರೆ ಸಾಕು.

ಈ ಅಭ್ಯಾಸವೆಲ್ಲ ಅಡ್ಡಗೋಲಿನ ಮೇಲೆ, ಕುರ್ಚಿಯ ಬೆನ್ನಿನ ಮೇಲೆ, ಪಂಜರದ ನೆತ್ತಿಯ ಮೇಲೆ ಪೂರ್ತಿಯಾಗಿ ಕೂಡಿಬಂದ ಮೇಲೆಯೇ ಹೆಗಲಿನ ಸರದಿ. ಆಗ ಕುರ್ಚಿಯಲ್ಲಿ ಕುಳಿತು, ಎದುರಿಗೊಂದು ಕನ್ನಡಿಯನ್ನಿಟ್ಟುಕೊಂಡು, ಹಕ್ಕಿಯನ್ನು ನೀವಾಗಿಯೇ ಹೆಗಲಿಗೆ ದಾಟಿಸಿ, ಕೆಲವೇ ಕ್ಷಣಗಳಲ್ಲಿ ‘ಬಾ’ ಎಂದು ಕರೆದು ತಿಂಡಿ ಕೊಟ್ಟು ಮತ್ತೆ ಹೆಗಲಿಗೇ ಬಿಡಿ. ಕನ್ನಡಿ ನಿಮಗಾಗಿ: ಹಕ್ಕಿಯ ಕಣ್ಣು ಗರಿಗಳನ್ನು ನೋಡುತ್ತ ಕೈಯನ್ನು ಒಡ್ಡಬಹುದು. ಮತ್ತೆ ಬಿಡುವುದರಲ್ಲಿಯೇ ಈ ವಿದ್ಯೆಯ ಮರ್ಮವೆಲ್ಲ ಅಡಗಿದೆ. ಹೆಗಲಿನಿಂದ ಇಳಿಯಲೊಲ್ಲದ ಗಿಳಿಗಳ ಚರಿತ್ರೆಯನ್ನು ವಿಚಾರಿಸಿ ನೋಡಿದರೆ, ಇಳಿದಾಗಲೆಲ್ಲ ಅವು ನೇರವಾಗಿ ಪಂಜರ ಸೇರಿ ಬಾಗಿಲು ಮುಚ್ಚಿಸಿಕೊಂಡಿರುತ್ತವೆ; ಇಳಿಯುವುದೆಂದರೆ ಸಂಗ ಮುಗಿಯುವುದೆಂದು ಅವಕ್ಕೆ ನಾವೇ ಕಲಿಸಿರುತ್ತೇವೆ. ಹತ್ತು ಬಾರಿ ಇಳಿಸಿದರೆ ಒಂಬತ್ತು ಬಾರಿ ಒಂದು ಕಾಳೋ, ಒಂದು ತಲೆಸವರಿಕೆಯೋ, ಮರಳಿ ಹೆಗಲೋ ದೊರೆಯಲಿ. ಪಂಜರಕ್ಕೆ ಹೋಗುವ ಆ ಹತ್ತನೆಯ ಬಾರಿಯೂ ಪಂಜರದೊಳಗೆ ಹೊಸದೊಂದು ತಿಂಡಿ ಕಾದಿರಲಿ.

ಈಗಾಗಲೇ ಹಟ ಹಿಡಿದ ಹಕ್ಕಿಗೆ ಏನು ಮಾಡುವುದು? ಕೈಯೊಡನೆ ಅಟ್ಟಾಡಿಸುವುದನ್ನು ನಿಲ್ಲಿಸಿ. ಪಂಜರದ ನೆತ್ತಿಯ ಬಳಿಗೋ ಎತ್ತರವಾದ ಅಡ್ಡಗೋಲಿನ ಬಳಿಗೋ ಹೋಗಿ, ಅದಕ್ಕೆ ಬೆನ್ನು ಮಾಡಿ ನಿಂತು, ಮೊಣಕಾಲನ್ನು ಬಗ್ಗಿಸಿ ಹೆಗಲನ್ನು ಅದರ ಮಟ್ಟಕ್ಕಿಂತ ಕೆಳಗಿಳಿಸಿ. ಹೆಗಲು ತಗ್ಗಾಗಿ ಕೋಲು ಎತ್ತರವಾದೊಡನೆ ಹಕ್ಕಿ ತನ್ನ ಇಚ್ಛೆಯಿಂದಲೇ ಅತ್ತ ಕಾಲಿಡುತ್ತದೆ. ಬೆನ್ನಿಗೆ ಜಾರಿದ್ದರೆ ಹಾಸಿಗೆಯ ಅಂಚಿನಲ್ಲಿ ಕುಳಿತು ಮುಂದಕ್ಕೆ ಬಾಗಿದರಾಯಿತು, ನಡುಬೆನ್ನು ಬಯಲಾಗಿ ಅದು ತಾನೇ ನಡೆದು ಬರುತ್ತದೆ. ಕಚ್ಚಿದಾಗ ಕಿರುಚಬೇಡಿ, ಗಿಳಿಗೆ ಗದ್ದಲ ಪ್ರಿಯವಾದ್ದರಿಂದ ನಿಮ್ಮ ಕಿರುಚಾಟ ಅದಕ್ಕೆ ಬಹುಮಾನವೇ ಆಗಬಹುದು. ಹೊಡೆಯುವುದು, ಕೊಕ್ಕಿಗೆ ತಟ್ಟುವುದು, ಮುಖಕ್ಕೆ ನೀರು ಚಿಮುಕಿಸುವುದು, ಹೆಗಲನ್ನು ಝಾಡಿಸಿ ಬೀಳಿಸುವುದು ಇವೆಲ್ಲ ನಿಷಿದ್ಧ. ಒಮ್ಮೆ ಬಿದ್ದ ಹಕ್ಕಿ ಇನ್ನೊಮ್ಮೆ ಹೆಗಲನ್ನು ಬಿಗಿಯಾಗಿಯೇ ಹಿಡಿಯುತ್ತದೆ. ಕಚ್ಚಿದ ಗಾಯವನ್ನು ಸೋಪು ನೀರಿನಿಂದ ತೊಳೆದು, ಆಳವಾಗಿದ್ದರೆ ಅಥವಾ ಕಣ್ಣಿನ ಹತ್ತಿರವಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಮರಿಯಾಗಿದ್ದಾಗ ಸಾಧುವಾಗಿದ್ದ ಹಕ್ಕಿ ಪ್ರಾಯಕ್ಕೆ ಬಂದೊಡನೆ ಬದಲಾಗುವುದುಂಟು. ಕಾಕಟೀಲಿಗೆ ಒಂದು ವರ್ಷದೊಳಗಾಗಿ, ಆಫ್ರಿಕನ್ ಗ್ರೇಗೆ ಮೂರರಿಂದ ಐದು ವರ್ಷದ ಸುಮಾರಿನಲ್ಲಿ ಆ ಕಾಲ ಬರುತ್ತದೆ. ಆಗ ಅದು ಮನೆಯವರಲ್ಲಿ ಒಬ್ಬರನ್ನು ಜೋಡಿಯಾಗಿ ವರಿಸಿಕೊಂಡು, ಅವರ ಕಿವಿಯ ಬಳಿ ತಿಂದದ್ದನ್ನು ಕಕ್ಕಿ ಉಣಿಸಲು ನೋಡುತ್ತದೆ, ಹತ್ತಿರ ಬಂದ ಮಿಕ್ಕವರನ್ನು ಕಚ್ಚುತ್ತದೆ. ಇದನ್ನು ಪ್ರೀತಿಯ ಪರಾಕಾಷ್ಠೆಯೆಂದು ಹಿಗ್ಗಿ ಉತ್ತೇಜಿಸುವವರಿದ್ದಾರೆ. ಹಕ್ಕಿಗೆ ಅದು ಎಂದಿಗೂ ತೀರದ ಬೇಗೆಯೆಂಬುದನ್ನು ಅವರು ಅರಿತರೆ ಒಳಿತು. ಬೆನ್ನು, ರೆಕ್ಕೆಯ ಅಡಿ, ಬಾಲದ ಬುಡಗಳನ್ನು ಸವರದೆ ತಲೆ ಕತ್ತುಗಳನ್ನು ಮಾತ್ರ ಸವರಬೇಕು. ರಾತ್ರಿ ಹತ್ತು ಹನ್ನೆರಡು ಗಂಟೆ ಕತ್ತಲೆಯ ನಿದ್ರೆ ಕೊಡಬೇಕು. ಆ ಋತು ಕಳೆಯುವವರೆಗೆ ಹೆಗಲನ್ನು ಕೊಡದೆ ಕೈಯಿಂದ ಕೋಲಿಗೆ, ಕೋಲಿನಿಂದ ಕೈಗೆ ಎಂಬಷ್ಟಕ್ಕೇ ಒಡನಾಟವನ್ನು ಇರಿಸಿಕೊಳ್ಳಬೇಕು. ಮನೆಯ ಇತರರೂ ದಿನವೂ ಒಂದೊಂದು ಕಾಳು ಕೊಟ್ಟು ‘ಬಾ’ ಎನ್ನುತ್ತಿದ್ದರೆ ಒಬ್ಬರಿಗೇ ಅಂಟಿಕೊಳ್ಳುವ ಚಾಳಿ ಸಡಿಲವಾಗುತ್ತದೆ. ತುಟಿಯಿಂದ ತುತ್ತು ಕೊಡುವ ಪರಿಪಾಠವಿದ್ದರೆ ಬಿಟ್ಟುಬಿಡಿ. ನಮ್ಮ ಜೊಲ್ಲಿನಲ್ಲಿರುವ ಜೀವಾಣುಗಳು ಅವಕ್ಕೆ ಒಗ್ಗವು. ಸಿಟಕೋಸಿಸ್ ಎಂಬ ಜ್ವರ ಹಕ್ಕಿಯಿಂದ ಮನುಷ್ಯನಿಗೆ ಹರಡಬಲ್ಲುದಾದುದರಿಂದ, ಹೊಸ ಹಕ್ಕಿಯನ್ನು ಪಶುವೈದ್ಯರಿಗೆ ತೋರಿಸದೆ ಮುಖದ ಹತ್ತಿರಕ್ಕೆ ತರಬಾರದು. ಕಾಕಟೀಲ್, ಗ್ರೇ, ಕಾಕಟೂಗಳ ಮೈಯಿಂದ ಸದಾ ಬಿಳಿಯ ಹುಡಿಯುದುರುತ್ತದೆ. ಉಬ್ಬಸವುಳ್ಳವರು ಇವನ್ನು ಹೆಗಲಿಗೆ ಹತ್ತಿಸಿಕೊಳ್ಳದಿರುವುದು ಕ್ಷೇಮ.

ಹೆಗಲ ಮೇಲೆ ಹಕ್ಕಿಯಿರುವುದನ್ನು ಮರೆತು ಮನೆಗೆಲಸಕ್ಕೆ ಎದ್ದು ಹೋಗುವುದರಿಂದಲೇ ಪ್ರಾಣಹಾನಿಯಾಗುವ ಸಂಭವ ಹೆಚ್ಚು. ನಮ್ಮ ಮನೆಗಳಲ್ಲಿ ತಿರುಗುವ ಸೀಲಿಂಗ್ ಫ್ಯಾನು ಹಾರುವ ಹಕ್ಕಿಯ ಪರಮಶತ್ರು. ಹಕ್ಕಿ ಹೊರಗಿರುವಷ್ಟು ಹೊತ್ತೂ ಅದು ನಿಂತಿರಬೇಕು, ಬೇಸಗೆಯಾದರೂ ಸರಿಯೆ. ಅಡಿಗೆಮನೆಗೆ ಹಕ್ಕಿಯನ್ನು ಒಯ್ಯಲೇಕೂಡದು: ಕುದಿಯುವ ಎಣ್ಣೆ, ಬೆಂಕಿ, ಕುಕ್ಕರಿನ ಸೀಟಿಗೆ ಬೆಚ್ಚಿ ಹಾರುವುದು ಒಂದು ಕಡೆಯಾದರೆ, ಅತಿಯಾಗಿ ಕಾದ ನಾನ್‌ಸ್ಟಿಕ್ ಬಾಣಲೆಯ ಹೊಗೆ ನಮಗೆ ವಾಸನೆಯಾಗಿ ತೋರುವ ಮೊದಲೇ ಹಕ್ಕಿಯ ಶ್ವಾಸಕೋಶವನ್ನು ಸುಡುತ್ತದೆ. ಕಾಫಿಯ ಲೋಟ, ಚಾಕೊಲೇಟು, ಬೆಣ್ಣೆಹಣ್ಣು ಇವು ಅದರ ಬಾಯಿಗೆ ಎಟುಕಬಾರದು. ಹೆಗಲ ಮೇಲೆ ಕೂರಿಸಿಕೊಂಡು ಬೀದಿಗೆ, ಪಾರ್ಕಿಗೆ ಹೋಗುವ ಹೊಸ ಶೋಕಿಯನ್ನು ನಾನು ಒಪ್ಪಲಾರೆ. ಬೆಂಗಳೂರಿನ ಆಕಾಶದಲ್ಲಿ ಹದ್ದುಗಳಿಗೂ ಕಾಗೆಗಳಿಗೂ ಬರವಿಲ್ಲ; ಒಂದು ಹಾರ್ನಿನ ಸದ್ದಿಗೆ ಬೆದರಿ ಹಾರಿದ ಗಿಳಿ ಮನೆಯ ದಾರಿಯನ್ನು ಅರಿಯದು, ರೆಕ್ಕೆ ಕತ್ತರಿಸಿದ್ದರೂ ಗಾಳಿ ಬೀಸಿದರೆ ಸಾಕಷ್ಟು ದೂರ ಹೋಗಿಬಿಡುತ್ತದೆ. ಒಯ್ಯಲೇಬೇಕಾದರೆ ಗಟ್ಟಿಯಾದ ಸಣ್ಣ ಪಂಜರದಲ್ಲಿ ಒಯ್ಯಿರಿ.

ಹಿಕ್ಕೆಯ ಮಾತನ್ನು ಕೆಲವರು ಸಂಕೋಚದಿಂದ ಕೇಳುತ್ತಾರೆ, ಸಂಕೋಚಕ್ಕೆ ಕಾರಣವಿಲ್ಲ. ಸಣ್ಣ ಗಿಳಿಗಳು ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಹಿಕ್ಕೆ ಹಾಕುತ್ತವೆ. ಹಾಕುವ ಮೊದಲು ತುಸು ಹಿಂದೆ ಸರಿದು ಬಾಲವನ್ನೆತ್ತುತ್ತವೆ. ಅದನ್ನು ಗುರುತಿಸಿ ಪ್ರತಿ ಸಲವೂ ಒಂದೇ ಸ್ಥಳದಲ್ಲಿ, ಕಾಗದ ಹಾಸಿದ ಕೋಲಿನ ಮೇಲೆ ಇಳಿಸಿ, ಕೆಲಸವಾದೊಡನೆ ಹೊಗಳಿ ಮರಳಿ ಹೆಗಲಿಗೆ ಕರೆದುಕೊಂಡರೆ, ಅಂಗಿಯೂ ಉಳಿಯುತ್ತದೆ, ಇಳಿಯುವ ಪಾಠವೂ ತಾನಾಗಿ ನಡೆಯುತ್ತದೆ.

ಇಷ್ಟೆಲ್ಲ ಆದ ಮೇಲೆಯೂ ಕೆಲವು ಹಕ್ಕಿಗಳು, ವಿಶೇಷವಾಗಿ ದೊಡ್ಡ ಜಾತಿಯವು, ಹೆಗಲಿಗೆ ತಕ್ಕವಾಗುವುದಿಲ್ಲ. ಮನೆಯ ಯಾರು ಕರೆದರೂ, ಯಾವ ಹೊತ್ತಿನಲ್ಲಿ ಕರೆದರೂ, ಮೊದಲನೆಯ ಮಾತಿಗೇ ಇಳಿದು ಬಾರದ ಹಕ್ಕಿಗೆ ಹೆಗಲನ್ನು ಕೊಡದಿರುವುದರಿಂದ ಅದಕ್ಕೆ ಅನ್ಯಾಯವೇನೂ ಆಗದು. ಅದಕ್ಕೆ ಬೇಕಾದದ್ದು ಎತ್ತರ ಮತ್ತು ಸಂಗ, ಅವೆರಡನ್ನೂ ಬೇರೆ ಬಗೆಯಲ್ಲಿ ಒದಗಿಸಬಹುದು. ನೀವು ದಿನವೂ ಓದುವ ಕುರ್ಚಿಯ ಪಕ್ಕದಲ್ಲಿ, ಒಂದು ಮೊಳ ದೂರಕ್ಕೆ, ಕುಳಿತವರ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಒಂದು ಅಡ್ಡಗೋಲನ್ನು ನಿಲ್ಲಿಸಿ. ಬರೆಯುವ ಮೇಜಿನ ಬಳಿ ಇನ್ನೊಂದಿರಲಿ. ಅಂಗಡಿಯ ನುಣುಪಾದ ದುಂಡುಕೋಲಿಗಿಂತ, ಔಷಧಿ ಹೊಡೆಯದ ಸೀಬೆಮರದ ಕೊಂಬೆಯನ್ನು ತೊಳೆದು ಒಣಗಿಸಿ, ಸಿಪ್ಪೆಯ ಸಮೇತ ಕಟ್ಟುವುದು ಮೇಲು: ಒಂದೆಡೆ ದಪ್ಪ ಒಂದೆಡೆ ಸಣ್ಣವಾಗಿರುವುದರಿಂದ ಪಾದಕ್ಕೆ ವ್ಯಾಯಾಮವಾಗುತ್ತದೆ, ಸಿಪ್ಪೆ ಸುಲಿಯುವ ಕೆಲಸ ಕೊಕ್ಕಿಗೆ ಸಿಗುತ್ತದೆ, ಕೊಂಬೆ ಪೂರ್ತಿ ಬೋಳಾದಾಗ ಬದಲಿಸಿದರಾಯಿತು.